ಲೋಡು ಹಾಕುವ ಮೊದಲು ಲಾರಿಯ ಜಾತಕ ನೋಡುವುದು: ನನ್ನ ಅನುಭವ

ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುವುದು ನನ್ನ ಕೆಲಸ. ತಿರುಳು ತುಂಬಿದ ಡಬ್ಬಗಳು ಇಲ್ಲಿಂದ ಬೆಂಗಳೂರು, ಹೈದರಾಬಾದ್, ಮುಂಬೈಗೆ ಹೋಗುತ್ತವೆ. ಹತ್ತು ಟನ್ ತಿರುಳಿನ ಬೆಲೆ ಅರ್ಧ ಕೋಟಿ ದಾಟುತ್ತದೆ. ಮಾಲಿನ ಮಾತು ಹಾಗಿರಲಿ, ಅದೇ ಲಾರಿ ಶಿರಾಡಿ ಘಾಟಿ ಹತ್ತಿ ಇಳಿಯಬೇಕು. ಎದುರಿಂದ ಬಸ್ಸು, ಬೈಕು ಬರುತ್ತಿರುತ್ತವೆ. ಹಾಗಾಗಿ ದಾಖಲೆ ನೋಡದೆ ಯಾವ ಲಾರಿಗೂ ನಾನು ಲೋಡು ಹಾಕಿಸುವುದಿಲ್ಲ.

ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸರಕು ಒಯ್ಯುವ ಕಂಪನಿಗೆ ಅಲ್ಲಿನ ಸಾರಿಗೆ ಇಲಾಖೆ ಕೊಡುವ ಡಿಒಟಿ ನಂಬರ್ ಅಂತ ಒಂದು ಇರುತ್ತದೆ. ಸರ್ಕಾರದ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಹಿಂದಿನ 24 ತಿಂಗಳ ತಪಾಸಣೆ, ಅಪಘಾತ ಎಲ್ಲ ಯಾರಿಗೆ ಬೇಕಾದರೂ ಕಾಣುತ್ತದೆ. ನಮ್ಮಲ್ಲಿ ಸಿಗುವ ದಾಖಲೆ ಹೆಚ್ಚಾಗಿ ಗಾಡಿಯದ್ದು, ಕಂಪನಿಯದ್ದಲ್ಲ. ಅದರಲ್ಲೂ ಟ್ರಾನ್ಸ್‌ಪೋರ್ಟ್ ಆಫೀಸಿನವರು ತಮ್ಮ ಲಾರಿ ಖಾಲಿ ಇಲ್ಲದಾಗ ಬ್ರೋಕರ್ ಮೂಲಕ ಮಾರ್ಕೆಟ್ ಗಾಡಿ, ಅಂದರೆ ಬೇರೆಯವರ ಲಾರಿ ಕಳಿಸುತ್ತಾರೆ. ಬೋರ್ಡಿನಲ್ಲಿ ಒಂದು ಹೆಸರು, ಗಾಡಿಯ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಇನ್ನೊಂದು ಹೆಸರು. ಆದ್ದರಿಂದ ಕಂಪನಿಯನ್ನು ಒಮ್ಮೆ ನೋಡಿದರೆ ಸಾಲದು. ಬಂದ ಪ್ರತಿ ಲಾರಿಯನ್ನೂ ನೋಡಬೇಕು.

ಕಂಪನಿಯದ್ದು ಬೇಗ ಮುಗಿಯುವ ಕೆಲಸ. 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆಯ ಪ್ರಕಾರ, ಹಲವರ ಸರಕನ್ನು ಬಾಡಿಗೆಗೆ ಸಾಗಿಸುವ ಟ್ರಾನ್ಸ್‌ಪೋರ್ಟಿನವರು ಕಾಮನ್ ಕ್ಯಾರಿಯರ್ ಆಗಿ ನೋಂದಣಿ ಮಾಡಿಸಿರಬೇಕು. ಆ ಸರ್ಟಿಫಿಕೇಟಿನ ಅವಧಿ ಹತ್ತು ವರ್ಷ. ಅದರ ಪ್ರತಿ ಕೇಳುತ್ತೇನೆ. ಆಮೇಲೆ ಜಿಎಸ್‌ಟಿ ನಂಬರನ್ನು ಪೋರ್ಟಲ್‌ನಲ್ಲಿ ಹಾಕಿ ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ಎಂದು ನೋಡುತ್ತೇನೆ. ಕರ್ನಾಟಕದ ನಂಬರ್ 29ರಿಂದ ಶುರುವಾಗುತ್ತದೆ, ಅದರ ನಂತರದ ಹತ್ತು ಅಕ್ಷರ ಪ್ಯಾನ್. ಜಿಎಸ್‌ಟಿ ಇಲ್ಲ ಎಂದ ಮಾತ್ರಕ್ಕೆ ಸಣ್ಣ ಟ್ರಾನ್ಸ್‌ಪೋರ್ಟಿನವರನ್ನು ನಾನು ಕೈಬಿಡುವುದಿಲ್ಲ. ಬಾಡಿಗೆ ಮೇಲಿನ ತೆರಿಗೆಯನ್ನು ನಾವೇ ಕಟ್ಟುವ ಪದ್ಧತಿಯಲ್ಲಿ ಮಾತ್ರ ವ್ಯವಹಾರ ಮಾಡುವವರಿಗೆ ಆ ನೋಂದಣಿ ಕಡ್ಡಾಯವಲ್ಲ. ಎರಡೇ ಲಾರಿ ಇಟ್ಟುಕೊಂಡು ಬಹಳ ಚೆನ್ನಾಗಿ ನಡೆಸುವವರು ನಮ್ಮೂರಿನಲ್ಲಿ ಇದ್ದಾರೆ.

ಹೊತ್ತು ಹಿಡಿಯುವುದು ಗಾಡಿಯ ದಾಖಲೆಗೇ. ಲಾರಿ ಹೊರಡುವ ಮೊದಲೇ ನಂಬರ್ ತರಿಸಿಕೊಂಡು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕುತ್ತೇನೆ. ಮೊದಲು ನೋಡುವುದು ಗಾಡಿ ಓಡಲು ಯೋಗ್ಯವಿದೆ ಎನ್ನುವ ಫಿಟ್ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ. ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷವರ್ಷವೂ ಎಫ್‌ಸಿ ಆಗಬೇಕು. ಆಮೇಲೆ ಇನ್ಶೂರೆನ್ಸ್, ಪರ್ಮಿಟ್, ಟ್ಯಾಕ್ಸ್, ಹೊಗೆ ಸರ್ಟಿಫಿಕೇಟ್. "ಎಫ್‌ಸಿಗೆ ಕೊಟ್ಟಿದೆ ಮಾರಾಯ್ರೆ, ನಾಳೆ ಬರ್ತದೆ" ಎನ್ನುವ ಮಾತು ಆಗಾಗ ಕೇಳುತ್ತೇನೆ. "ಹಾಗಾದ್ರೆ ನಾಡಿದ್ದು ಕಳಿಸಿ" ಎನ್ನುತ್ತೇನೆ. ಬ್ರೇಕು ಹಿಡಿಯುತ್ತದೆ, ಸ್ಟೀರಿಂಗ್ ಸರಿಯಿದೆ ಎಂದು ಯಾರೋ ಒಬ್ಬರು ಪರೀಕ್ಷೆ ಮಾಡಿ ಸಹಿ ಹಾಕುವ ಕಾಗದ ಅದೊಂದೇ.

ಆ್ಯಪ್‌ನಲ್ಲಿ ಮಾಲೀಕರ ಹೆಸರು ಪೂರ್ತಿ ಕಾಣುವುದಿಲ್ಲ, ನಡುನಡುವೆ ಚುಕ್ಕಿ ಇರುತ್ತದೆ. ಆದ್ದರಿಂದ ಆರ್‌ಸಿ ಪ್ರತಿಯನ್ನೂ ಕೇಳಬೇಕು. ಲಾರಿ ಬಂದಾಗ ಆರ್‌ಸಿಯ ಚಾಸಿಸ್ ನಂಬರನ್ನು ಗಾಡಿಯ ಚಾಸಿಸ್ ಮೇಲೆ ಕೊರೆದದ್ದಕ್ಕೆ ಹೋಲಿಸಿ ನೋಡಿ. ನಂಬರ್ ಪ್ಲೇಟ್ ಬದಲಿಸುವುದು ಸುಲಭ, ಚಾಸಿಸ್ ನಂಬರ್ ತಿದ್ದಿದರೆ ಕಣ್ಣಿಗೆ ಗೊತ್ತಾಗುತ್ತದೆ.

ಆರ್‌ಸಿ ಕೈಗೆ ಬಂದ ಮೇಲೆ ಇ-ಚಲನ್ ಪೋರ್ಟಲ್‌ನಲ್ಲಿ ಬಾಕಿ ದಂಡ ಹುಡುಕಬಹುದು. ಗಾಡಿ ನಂಬರಿನ ಜೊತೆ ಚಾಸಿಸ್ ಅಥವಾ ಎಂಜಿನ್ ನಂಬರಿನ ಕೊನೆಯ ಅಂಕಿಗಳು ಬೇಕಾಗುತ್ತವೆ. ಚಲನ್ ಎಷ್ಟಿದೆ ಎಂಬುದಕ್ಕಿಂತ ಯಾವುದಕ್ಕೆ ಬಿದ್ದಿದೆ ಎಂಬುದನ್ನು ನಾನು ಓದುತ್ತೇನೆ. ಊರೊಳಗೆ ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದಕ್ಕೆ ಬಿದ್ದರೆ ಅದು ಅಷ್ಟು ದೊಡ್ಡ ವಿಷಯವಲ್ಲ. ಅತಿವೇಗ, ಓವರ್‌ಲೋಡ್, ಫೋನಿನಲ್ಲಿ ಮಾತಾಡುತ್ತಾ ಓಡಿಸಿದ್ದು ಮತ್ತೆಮತ್ತೆ ಇದ್ದರೆ ಆ ಗಾಡಿ ನಮಗೆ ಬೇಡ. ಒಂದೇ ಟ್ರಾನ್ಸ್‌ಪೋರ್ಟಿನ ಬೇರೆಬೇರೆ ಲಾರಿಗಳಲ್ಲೂ ಇದೇ ಕಂಡರೆ ತಪ್ಪು ಬರೀ ಡ್ರೈವರನದ್ದಲ್ಲ, ಆಫೀಸು ಅವನನ್ನು ಓಡಿಸುವ ರೀತಿಯದ್ದು. ಇದಕ್ಕೆಂದೇ ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಟ್ರಾನ್ಸ್‌ಪೋರ್ಟಿಗೊಂದು ಪುಟ, ಅದರಲ್ಲಿ ಬಂದ ಗಾಡಿಗಳ ನಂಬರ್, ಸಿಕ್ಕ ಲೋಪ. ಕೆಲವು ತಿಂಗಳಲ್ಲೇ ಯಾರು ಹೇಗೆ ಎಂದು ಪುಟವೇ ಹೇಳುತ್ತದೆ.

ಡ್ರೈವಿಂಗ್ ಲೈಸೆನ್ಸನ್ನು ನಂಬರ್ ಮತ್ತು ಹುಟ್ಟಿದ ದಿನ ಹಾಕಿ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಬಹುದು. ಟ್ರಾನ್ಸ್‌ಪೋರ್ಟ್ ವಾಹನ ಓಡಿಸುವ ಅನುಮತಿಯ ಅವಧಿ ಬೇರೆ ಇರುತ್ತದೆ, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಗ್ಯಾಸು, ರಾಸಾಯನಿಕ ಸಾಗಿಸುವವರಾದರೆ ಅಪಾಯಕಾರಿ ಸರಕಿನ ತರಬೇತಿ ಪಡೆದ ನಮೂದು ಲೈಸೆನ್ಸಿನಲ್ಲಿ ಇರಲೇಬೇಕು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದ್ದನ್ನು ಈ ಭಾಗದವರು ಮರೆತಿಲ್ಲ. ರಸ್ತೆ ಬದಿಯ ಮನೆಯವರೂ ಸುಟ್ಟು ಸತ್ತರು. ನಮ್ಮದು ಗೇರುಬೀಜ, ಬೆಂಕಿಯ ಸರಕಲ್ಲ. ಆದರೆ ಅದೇ ರಸ್ತೆಯಲ್ಲೇ ನಮ್ಮ ಲಾರಿಯೂ ಓಡುವುದು, ಅಲ್ವಾ?

ತೂಕದ ವಿಷಯದಲ್ಲಿ ಮಾಲು ಕಳಿಸುವವರಿಗೂ ಜವಾಬ್ದಾರಿ ಇದೆ. 2018ರ ಬದಲಾವಣೆಯ ನಂತರ ಮೂರು ಆಕ್ಸೆಲಿನ ಹತ್ತು ಚಕ್ರದ ಲಾರಿಗೆ ಒಟ್ಟು ತೂಕದ ಮಿತಿ 28.5 ಟನ್. ಆದರೂ ಆ ಗಾಡಿಯ ಆರ್‌ಸಿಯಲ್ಲಿ ಎಷ್ಟಿದೆಯೋ ಅಷ್ಟೇ ಲೆಕ್ಕ. ಮೀರಿದರೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ಅದರಡಿ ಬರುತ್ತಾರೆ.

ಎಲ್‌ಆರ್ (ಮಾಲು ಒಪ್ಪಿಕೊಂಡದ್ದಕ್ಕೆ ಕೊಡುವ ಲಾರಿ ರಸೀದಿ) ಕೈಗೆ ಬಂದಾಗ ಸುಮ್ನೆ ಮಡಚಿ ಇಡಬೇಡಿ. 'ಓನರ್ಸ್ ರಿಸ್ಕ್' (ಹಾಳಾದರೆ ಮಾಲಿನ ಮಾಲೀಕರದೇ ಹೊಣೆ) ಎಂದು ಅಚ್ಚಾಗಿದೆಯಾ ನೋಡಿ. ಮಾಲಿನ ಹೆಚ್ಚಿನ ಬೆಲೆಯನ್ನು ಮೊದಲೇ ಬರೆಸಿ ಅದಕ್ಕೆ ತಕ್ಕ ದರ ಕೊಡದಿದ್ದರೆ, ಮಾಲು ಹಾಳಾದಾಗ ಟ್ರಾನ್ಸ್‌ಪೋರ್ಟಿನವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. 30,000 ಬಾಡಿಗೆಗೆ ಮೂರು ಲಕ್ಷ. ನಮ್ಮ ಅರ್ಧ ಕೋಟಿಗೆ ಅದು ಎಲ್ಲಿ ಸಾಕು? ಲಾರಿಯ ಇನ್ಶೂರೆನ್ಸ್ ಕೂಡ ಮಾಲಿಗೆ ಬರುವುದಿಲ್ಲ, ಮಾಲಿಗೆ ಬೇರೆಯೇ ಮಾಡಿಸಬೇಕು. ನಷ್ಟವಾದರೆ ಬುಕಿಂಗ್ ದಿನದಿಂದ 180 ದಿನದೊಳಗೆ ಟ್ರಾನ್ಸ್‌ಪೋರ್ಟಿನವರಿಗೆ ಲಿಖಿತ ನೋಟಿಸ್ ಕೊಟ್ಟಿರಬೇಕು, ಇಲ್ಲದಿದ್ದರೆ ಕೋರ್ಟಿನಲ್ಲಿ ದಾವೆ ಹೂಡಲು ಆಗುವುದಿಲ್ಲ.

ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಲಾರಿಗೆ ಮಾಲು ಬದಲಾಯಿಸುವುದು ಮಳೆಗಾಲದಲ್ಲಿ ಜಾಸ್ತಿ. ಆಗ ಸರಕು ಸಾಗಣೆಯ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲಿನಲ್ಲಿ, ಗಾಡಿಯ ವಿವರ ಇರುವ ಪಾರ್ಟ್ ಬಿಯಲ್ಲಿ ಹೊಸ ನಂಬರ್ ಹಾಕಬೇಕು. ಹಾಕುವ ಮೊದಲು ಆ ನಂಬರ್ ನನಗೆ ಬರಬೇಕು ಎಂದು ಬುಕಿಂಗ್ ಸಮಯದಲ್ಲೇ ಬರೆಸಿಕೊಳ್ಳುತ್ತೇನೆ. ಸಕಲೇಶಪುರದಲ್ಲಿ ಬದಲಾದ ಲಾರಿಗೂ ಎಫ್‌ಸಿಯಿಂದಲೇ ಶುರು ಮಾಡಿ ಎಲ್ಲ ನೋಡುತ್ತೇನೆ, ರಾತ್ರಿ ಎಷ್ಟು ಹೊತ್ತಾಗಿದ್ದರೂ.