ಜಾಮೀನು ಕಟ್ಟುವ ಮುನ್ನ ಡಿಟೈನರ್ ಇದೆಯೇ ಕೇಳಿ

ಅಮೆರಿಕದಲ್ಲಿ ನಿಮ್ಮವರು ಯಾರಾದರೂ ಕೌಂಟಿ ಜೈಲಿಗೆ ಹೋದರೆ, ಅಲ್ಲಿ ತೆಗೆದುಕೊಂಡ ಬೆರಳಚ್ಚು ಎಫ್‌ಬಿಐ ಮೂಲಕ ತಾನಾಗಿಯೇ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ದಾಖಲೆಗಳ ಜೊತೆ ತಾಳೆಯಾಗುತ್ತದೆ. 2008ರಲ್ಲಿ ಶುರುವಾದ ಏರ್ಪಾಡು ಇದು. ‘ನಮ್ಮದು ಸ್ಯಾಂಕ್ಚುರಿ ಸಿಟಿ, ವಲಸೆ ಅಧಿಕಾರಿಗಳ ಜೊತೆ ಕೈಜೋಡಿಸದ ಊರು’ ಎಂದು ನಿಶ್ಚಿಂತೆಯಿಂದ ಇರಬೇಡಿ. ಊರಿನ ನೀತಿ ಕೆಲಸಕ್ಕೆ ಬರುವುದು ಜೈಲಿನಿಂದ ಬಿಡುವಾಗ. ಬೆರಳಚ್ಚು ಅಷ್ಟರಲ್ಲಿ ತಲುಪಿರುತ್ತದೆ.

ಮೊದಲು ಜೈಲಿನ ಬುಕಿಂಗ್ ವಿಭಾಗಕ್ಕೆ ಫೋನ್ ಮಾಡಿ, ಹೆಸರು, ಹುಟ್ಟಿದ ದಿನಾಂಕ ಕೊಟ್ಟು ‘ಇಮಿಗ್ರೇಶನ್ ಹೋಲ್ಡ್ ಇದೆಯೇ?’ ಎಂದು ಕೇಳಿ. ಇದೆ ಎಂದರೆ ಐ-247ಎ ಫಾರ್ಮಿನ ಪ್ರತಿ ಪಡೆಯಿರಿ. ಡಿಟೈನರ್ ಎನ್ನುವುದು ಇದನ್ನೇ. ಬಿಡಬೇಕಾದ ಹೊತ್ತಿನ ಮೇಲೆ 48 ಗಂಟೆಯವರೆಗೆ ಹಿಡಿದಿಡಿ ಎಂದು ಐಸಿಇ (ಅಮೆರಿಕದ ವಲಸೆ ಜಾರಿ ಸಂಸ್ಥೆ) ಅದರಲ್ಲಿ ಕೋರಿರುತ್ತದೆ. (ನಿಯಮದಲ್ಲಿ ಶನಿವಾರ, ಭಾನುವಾರ, ರಜೆ ಬಿಟ್ಟು 48 ಗಂಟೆ ಎಂದಿದೆ, ಫಾರ್ಮಿನಲ್ಲಿ ಆ ಮಾತೇ ಇಲ್ಲ. ವಕೀಲರು ಜಗಳ ತೆಗೆಯುವುದು ಇಲ್ಲೇ.) ಜೊತೆಗಿರುವ ಐ-200 ಅಥವಾ ಐ-205 ವಾರಂಟಿಗೆ ಸಹಿ ಹಾಕುವುದು ಐಸಿಇ ಅಧಿಕಾರಿ, ನ್ಯಾಯಾಧೀಶರಲ್ಲ. ಡಿಟೈನರ್ ಬರೀ ಕೋರಿಕೆ ಎಂದು 2014ರಲ್ಲಿ ಗಲಾರ್ಜಾ ಪ್ರಕರಣದಲ್ಲಿ ಮೂರನೇ ಸರ್ಕ್ಯೂಟಿನ ಫೆಡರಲ್ ಮೇಲ್ಮನವಿ ಕೋರ್ಟು ಹೇಳಿತು; ಆದರೆ ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಅದನ್ನು ಪಾಲಿಸಬೇಕೆಂದು ರಾಜ್ಯದ ಕಾನೂನೇ ಇದೆ.

ಎಡವುವುದು ಜಾಮೀನಿನಲ್ಲಿ. ಡಿಟೈನರ್ ಪಾಲಿಸುವ ಜೈಲಿನಲ್ಲಿ ದುಡ್ಡು ಕಟ್ಟಿದರೆ ಮನುಷ್ಯ ಮನೆಗೆ ಬರುವುದಿಲ್ಲ, ಐಸಿಇ ಕೈಗೆ ಹೋಗುತ್ತಾನೆ. ಆಮೇಲೆ ಕ್ರಿಮಿನಲ್ ಕೋರ್ಟಿನ ತಾರೀಖು ತಪ್ಪಿದರೆ ಕಟ್ಟಿದ ಹಣಕ್ಕೂ ಸಂಚಕಾರ. ಪಾಲಿಸದ ಕೌಂಟಿಯಲ್ಲಾದರೆ ಬೇಗ ಕಟ್ಟುವುದೇ ಜಾಣತನ. ಹಾಗಾಗಿ ಕಟ್ಟುವ ಮುನ್ನ ಕ್ರಿಮಿನಲ್ ವಕೀಲರನ್ನೂ ಇಮಿಗ್ರೇಶನ್ ವಕೀಲರನ್ನೂ ಕೇಳಿ. ದುಡ್ಡಿಲ್ಲದವರಿಗೆ ಸರ್ಕಾರ ಪುಕ್ಕಟೆ ಕೊಡುವುದು ಸಾಮಾನ್ಯವಾಗಿ ಕ್ರಿಮಿನಲ್ ವಕೀಲರನ್ನು ಮಾತ್ರ. ತಪ್ಪೊಪ್ಪಿಕೊಂಡರೆ ಗಡಿಪಾರಿನ ಅಪಾಯ ಎಷ್ಟು ಎಂದು ತಿಳಿಸುವುದು ಆ ವಕೀಲರ ಹೊಣೆ. ಸುಪ್ರೀಂ ಕೋರ್ಟಿನ 2010ರ ಪಡಿಲ್ಲಾ ತೀರ್ಪು ಇದನ್ನು ಹೇಳಿದೆ.

ವಲಸೆ ತಪಾಸಣೆಯನ್ನು ಐಸಿಇ ಸ್ಥಳೀಯ ಪೊಲೀಸರಿಗೆ ವಹಿಸುವ 287(ಜಿ) ಒಪ್ಪಂದವಿರುವ ಕೆಲವು ಜೈಲುಗಳಲ್ಲಿ ಶೆರಿಫನ ಸಿಬ್ಬಂದಿಯೇ ‘ಎಲ್ಲಿ ಹುಟ್ಟಿದ್ದು?’ ಎಂದು ಕೇಳುತ್ತಾರೆ. ‘ವಕೀಲರಿಲ್ಲದೆ ಉತ್ತರಿಸುವುದಿಲ್ಲ’ ಎನ್ನಬಹುದು, ಸುಳ್ಳು ಮಾತ್ರ ಬೇಡ. ‘ನಾನು ಅಮೆರಿಕದ ಪ್ರಜೆ’ ಎಂಬ ಒಂದು ಸುಳ್ಳು ಗ್ರೀನ್ ಕಾರ್ಡಿನ ದಾರಿಯನ್ನೇ ಮುಚ್ಚಬಹುದು. ಜೈಲಿನ ಫೋನ್ ಕರೆ ರೆಕಾರ್ಡ್ ಆಗುತ್ತದೆ. ವೀಸಾ ಮಾತು ಅಲ್ಲಿ ಎತ್ತಬೇಡಿ.

ಐಸಿಇ ಒಯ್ದ ಮೇಲೆ ಅದರ ಆನ್‌ಲೈನ್ ಲೊಕೇಟರ್‌ನಲ್ಲಿ ಎ-ನಂಬರ್ (ವಲಸಿಗರಿಗೆ ಇಲಾಖೆ ಕೊಡುವ ಸಂಖ್ಯೆ) ಮತ್ತು ಹುಟ್ಟಿದ ದೇಶ ಹಾಕಿ ಹುಡುಕಿ. ಹೆಸರಿನಿಂದ ಹುಡುಕಿದರೆ ಅಕ್ಷರ ಅಕ್ಷರ ಕೂಡಬೇಕು. ಸರ್‌ನೇಮ್ ಇಲ್ಲದ ಪಾಸ್‌ಪೋರ್ಟಿನವರಿಗೆ ವೀಸಾದಲ್ಲಿ ‘ಎಫ್‌ಎನ್‌ಯು’ (FNU, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬಿದ್ದಿದ್ದರೆ, ಅದನ್ನೇ ಮೊದಲ ಹೆಸರಾಗಿ ಹಾಕಿಯೂ ಒಮ್ಮೆ ನೋಡಿ.