ಕಾಲು ಬಾತಾಗ ವೈದ್ಯರು ಬರೆದ ಚೀಟಿ: ಯಾವ ಮಾತ್ರೆಗೆ ಯಾವ ಕೆಲಸ

ಮಳೆ ಹಿಡಿದು ಗದ್ದೆ ನಾಟಿ, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಕೆಲಸ ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ ಕಡೆಯ ನಮ್ಮಂಥ ಔಷಧಿ ಅಂಗಡಿಗಳಿಗೆ ಚರ್ಮದ ಸೋಂಕಿನ ಚೀಟಿಗಳು ಹೆಚ್ಚುತ್ತವೆ. ಮೊಣಕಾಲಿನ ಕೆಳಗೆ ಕೆಂಪೇರಿ ಬಿಸಿಯಾಗಿ ಊದಿದ ಕಾಲು, ಉಂಬಳ (ಜಿಗಣೆ) ಕಚ್ಚಿದ ಜಾಗ ಕೆರೆದು ಆದ ಹುಣ್ಣು, ಕತ್ತಿ ತಾಗಿ ಕೀವು ತುಂಬಿದ ಬೆರಳು. ಚೀಟಿಯಲ್ಲಿ ನಾಲ್ಕೈದು ಔಷಧಿ ಇರುತ್ತವೆ. ರೋಗಾಣುವನ್ನು ಕೊಲ್ಲುವ ಆಂಟಿಬಯಾಟಿಕ್ ಸಾಮಾನ್ಯವಾಗಿ ಅದರಲ್ಲಿ ಒಂದೇ. ಉಳಿದವು ನೋವು, ಊತ, ಹೊಟ್ಟೆ ಉರಿಗೆ. ನೋವು ಇಳಿದ ಕೂಡಲೇ ಜನ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುತ್ತಾರೆ. ಇಲ್ಲವೇ ನೋವಿನ ಮಾತ್ರೆ ನುಂಗುತ್ತಾ, ‘ಉಷ್ಣ’ ಎಂದು ಆಂಟಿಬಯಾಟಿಕ್ ಬಿಡುತ್ತಾರೆ. ಹಾಗಾಗಿ ನಾನು ಸ್ಟ್ರಿಪ್‌ಗಳನ್ನು ಕೌಂಟರ್ ಮೇಲೆ ಎರಡು ಗುಂಪು ಮಾಡಿಯೇ ಕೊಡುತ್ತೇನೆ. ಆಂಟಿಬಯಾಟಿಕ್ ಪಟ್ಟಿಯ ಮೇಲೆ ಪೆನ್ನಿನಲ್ಲಿ ‘ಮುಗಿಸಿ’ ಎಂದೂ ನೋವಿನದರ ಮೇಲೆ ‘ನೋವಿದ್ದರೆ ಮಾತ್ರ’ ಎಂದೂ ಬರೆದು, “ಅಣ್ಣಾ, ಈ ಪಟ್ಟಿ ಮಾತ್ರ ಡಾಕ್ಟರು ಹೇಳಿದಷ್ಟು ದಿನ ತಪ್ಪಿಸೋ ಹಾಗಿಲ್ಲ” ಎನ್ನುತ್ತೇನೆ.

ಇಂಥ ಚೀಟಿಗಳಲ್ಲಿ ಹೆಚ್ಚಾಗಿ ಕಾಣುವುದು ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625. ಅದರಲ್ಲಿ 500 ಮಿ.ಗ್ರಾಂ ಅಮಾಕ್ಸಿಸಿಲಿನ್, 125 ಮಿ.ಗ್ರಾಂ ಕ್ಲಾವುಲನೇಟ್ ಇದೆ. ಎರಡನೆಯದು ಸ್ವತಃ ರೋಗಾಣು ಕೊಲ್ಲುವುದು ತೀರಾ ಕಡಿಮೆ. ರೋಗಾಣು ಅಮಾಕ್ಸಿಸಿಲಿನ್ ಒಡೆಯಲು ಬಿಡುವ ಕಿಣ್ವವನ್ನು ಕಟ್ಟಿಹಾಕುವುದು ಅದರ ಕೆಲಸ. ಬೇಧಿಗೂ ಮುಖ್ಯವಾಗಿ ಅದೇ ಕಾರಣ. ಆದ್ದರಿಂದ 625 ಸಿಗದಿದ್ದಾಗ 375ರ ಎರಡು ಮಾತ್ರೆ ನುಂಗಿದರೆ ಸರಿಹೋಗುವುದಿಲ್ಲ: 375ರಲ್ಲಿ 250 ಮತ್ತು 125 ಇರುವುದರಿಂದ ಎರಡು ಸೇರಿದರೆ ಕ್ಲಾವುಲನೇಟ್ 250 ಆಗುತ್ತದೆ, ಹೊಟ್ಟೆ ಕೆಡುತ್ತದೆ. ಊಟದ ಮೊದಲ ತುತ್ತಿನ ಜೊತೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಎರಡು ಹೊತ್ತೋ ಮೂರು ಹೊತ್ತೋ ಎಂಬುದು ವೈದ್ಯರ ತೀರ್ಮಾನ. ಆದರೆ 1-1-1 ಎಂದು ಬರೆದಿದ್ದರೆ ಎಂಟೆಂಟು ಗಂಟೆಗೊಮ್ಮೆ ಎಂದರ್ಥ. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ರಾತ್ರಿ ಎಂಟಕ್ಕೆ ನುಂಗಿದರೆ ರಾತ್ರಿಯಿಡೀ ಹನ್ನೆರಡು ಗಂಟೆ ರಕ್ತದಲ್ಲಿ ಔಷಧಿ ಇಳಿದಿರುತ್ತದೆ. ಈ ಜಾತಿಯ ಔಷಧಿ ಕೆಲಸ ಮಾಡುವುದು ಅದರ ಮಟ್ಟ ಎಷ್ಟು ಹೊತ್ತು ನಿಂತಿದೆ ಎಂಬುದರ ಮೇಲೆ. ಆರು, ಎರಡು, ಹತ್ತು ಗಂಟೆ ಇಟ್ಟುಕೊಳ್ಳಲು ಹೇಳುತ್ತೇನೆ.

ಮಲೆನಾಡಿನಲ್ಲಿ ಈ ಮಾತ್ರೆಯ ದೊಡ್ಡ ಶತ್ರು ತೇವ. ಕ್ಲಾವುಲನೇಟ್ ನೀರಿನ ಪಸೆಗೆ ಬೇಗ ಕೆಡುತ್ತದೆ, ಅದಕ್ಕೇ ಅದು ದಪ್ಪ ಅಲ್ಯೂಮಿನಿಯಂ ಪಟ್ಟಿಯಲ್ಲಿ ಬರುವುದು. ವಾರದ ಮಾತ್ರೆಗಳನ್ನೆಲ್ಲ ಬಿಡಿಸಿ ಡಬ್ಬಿಗೆ ಹಾಕಿಟ್ಟರೆ, ಆಗುಂಬೆ ಸುತ್ತಿನ ಆಷಾಢದ ಗಾಳಿಯಲ್ಲಿ ಬಿಳಿ ಮಾತ್ರೆಯ ಮೇಲೆ ಹಳದಿ-ಕಂದು ಚುಕ್ಕೆ ಮೂಡುತ್ತದೆ, ಅಂಚು ಮೆತ್ತಗಾಗುತ್ತದೆ. ಅಂಥದ್ದನ್ನು ಎಸೆಯಬೇಕು. ಪಟ್ಟಿಯನ್ನು ಕತ್ತರಿಸುವಾಗ ಗುಳಿಯ ಅಂಚಿಗೆ ಕತ್ತರಿ ತಾಗಿದರೂ ಒಳಗೆ ಪಸೆ ಹೋಗುತ್ತದೆ. ಮಕ್ಕಳ ಸಿರಪ್ ಇನ್ನೂ ನಾಜೂಕು: ಕುದಿಸಿ ಪೂರ್ತಿ ಆರಿಸಿದ ನೀರನ್ನು ಬಾಟಲಿಯ ಗೆರೆಯ ಅರ್ಧಕ್ಕೆ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗೆರೆ ಮುಟ್ಟಿಸಬೇಕು. ಫ್ರಿಜ್ಜಿನಲ್ಲಿಟ್ಟು ಏಳು ದಿನದೊಳಗೆ ಬಳಸಬೇಕು. ಗಾಳಿಮಳೆಗೆ ಕರೆಂಟು ದಿನಗಟ್ಟಲೆ ಹೋಗುವ ಊರಿನವರಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ನೀರಿನಲ್ಲಿ ಕರಗುವ ಮಾತ್ರೆಯನ್ನೋ ಬೇರೆ ಔಷಧಿಯನ್ನೋ ಬರೆಯುತ್ತಾರೆ.

ಕೀವಿಲ್ಲದೆ ಹರಡುವ ಕೆಂಪು ಬಾವಿಗೆ ಸೆಫಲೆಕ್ಸಿನ್ 500 ಕೂಡ ಒಳ್ಳೆಯ ಔಷಧಿ. ದಿನಕ್ಕೆ ನಾಲ್ಕು ಸಲ ಎಂಬುದೇ ಅದರ ತೊಡಕು. ತೋಟಕ್ಕೆ ಹೋಗುವವರು ಮಧ್ಯಾಹ್ನದ್ದು ಮರೆತುಬಿಡುತ್ತಾರೆ. ಪೆನಿಸಿಲಿನ್ (ಅಮಾಕ್ಸಿಸಿಲಿನ್ ಅದೇ ಜಾತಿ) ಅಲರ್ಜಿಯಾಗಿ ಆಗದವರಿಗೆ ಕ್ಲಿಂಡಾಮೈಸಿನ್ 300 ಬರೆಯುವುದುಂಟು. ಅದನ್ನು ದೊಡ್ಡ ಲೋಟ ನೀರಿನ ಜೊತೆ, ಕೂತು ನುಂಗಬೇಕು. ನೀರಾಗಿ ಪದೇ ಪದೇ ಬೇಧಿಯಾದರೆ, ಅದು ಕೋರ್ಸ್ ಮುಗಿದ ಕೆಲವು ವಾರಗಳ ನಂತರವೇ ಆದರೂ, ಬೇಧಿ ನಿಲ್ಲಿಸುವ ಮಾತ್ರೆ ನುಂಗದೆ ವೈದ್ಯರಿಗೆ ತಿಳಿಸಬೇಕು. ಡಾಕ್ಸಿಸೈಕ್ಲಿನ್ 100 ಕೊಡುವಾಗ ನಾನು ಹೆಚ್ಚು ಹೊತ್ತು ಮಾತಾಡುತ್ತೇನೆ. ಊಟವಾದ ಮೇಲೆ ತುಂಬ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಆಸಿಡಿಟಿ ಸಿರಪ್‌ನಿಂದ ಎರಡು ಮೂರು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಔಷಧಿ ಹೊಟ್ಟೆಯಲ್ಲೇ ಕಟ್ಟಿಹೋಗುತ್ತದೆ. ಗರ್ಭಿಣಿಯರಾದರೆ ಮೊದಲೇ ಹೇಳಬೇಕು.

ಸೆಫಿಕ್ಸಿಮ್ ಎಂಬ ಆಂಟಿಬಯಾಟಿಕ್ ಬಗ್ಗೆ ಒಂದು ಮಾತು. ಗಂಟಲಿಗೋ ಮೂತ್ರದ ಉರಿಗೋ ತಂದ 200ರ ಪಟ್ಟಿ ಮನೆಯಲ್ಲಿ ಉಳಿದಿದೆ, ಕಾಲಿಗೂ ಅದೇ ಆಗಬಹುದೇ ಎಂದು ಕೇಳುವವರಿದ್ದಾರೆ. ಚರ್ಮದ ಕೀವಿಗೆ ಮುಖ್ಯ ಕಾರಣವಾದ ಸ್ಟ್ಯಾಫಿಲೋಕಾಕಸ್ ರೋಗಾಣುವಿನ ಮೇಲೆ ಅದಕ್ಕೆ ಬಲವಿಲ್ಲ. 2014ರ ಮಾರ್ಚ್‌ನಿಂದ ಅದು ಮಾರಾಟಕ್ಕೆ ಕಟ್ಟುನಿಟ್ಟಿರುವ ಔಷಧಿಗಳ ಸರ್ಕಾರಿ ಯಾದಿ ‘ಷೆಡ್ಯೂಲ್ ಎಚ್1’ರಲ್ಲಿದೆ: ವೈದ್ಯರ, ರೋಗಿಯ ಹೆಸರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಿಡಬೇಕು. ಚೀಟಿ ಇಲ್ಲದೆ ಕೇಳಿದರೆ ಕೊಡುವುದಿಲ್ಲ.

ವೈದ್ಯರಿಗೆ ಹೇಳಲೇಬೇಕಾದ ಎರಡು ಸಂಗತಿಗಳನ್ನು ನಮ್ಮ ಜನ ಹೇಳುವುದೇ ಇಲ್ಲ. ಗಾಯವಾದದ್ದು ಗದ್ದೆಯ ಕೆಸರಲ್ಲೋ ಹೊಳೆಯಲ್ಲೋ ಆಗಿದ್ದರೆ, ಆ ನೀರಿನ ಕೆಲವು ರೋಗಾಣುಗಳು 625ಕ್ಕೆ ಬಗ್ಗುವುದಿಲ್ಲ, ಬೇರೆ ಔಷಧಿ ಬೇಕಾಗುತ್ತದೆ. ಇನ್ನೊಂದು, ಕಾಡಂಚಿಗೆ ಹೋಗಿಬಂದವರಿಗೆ ಜ್ವರ, ತಲೆನೋವು ಇದ್ದು ತೊಡೆಸಂದಿಯಲ್ಲೋ ಕಂಕುಳಲ್ಲೋ ಬೀಡಿಯಿಂದ ಸುಟ್ಟಂಥ, ಹೆಚ್ಚು ನೋವಿಲ್ಲದ ಕಪ್ಪು ಹಕ್ಕಳೆ ಕಂಡರೆ ಅದು ನುಸಿಯಂಥ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಇರಬಹುದು. ಅದಕ್ಕೆ ಅಮಾಕ್ಸಿಸಿಲಿನ್ ಎಷ್ಟು ದಿನ ನುಂಗಿದರೂ ಪ್ರಯೋಜನವಿಲ್ಲ, ಡಾಕ್ಸಿಸೈಕ್ಲಿನ್ ಬೇಕು.

ನೋವಿನ ಮಾತ್ರೆಯಲ್ಲಿ ಆಗುವ ಅನಾಹುತ ಹೆಚ್ಚಾಗಿ ಒಂದೇ ಔಷಧಿಯನ್ನು ಗೊತ್ತಿಲ್ಲದೆ ಎರಡೆರಡು ಸಲ ನುಂಗುವುದರಿಂದ. ಅಸಿಕ್ಲೋಫೆನಾಕ್ ಮಾತ್ರೆಗಳಲ್ಲಿ ಹಲವು ಪ್ಯಾರಸಿಟಮಾಲ್ 325 ಬೆರೆಸಿಯೇ ಬರುತ್ತವೆ. ಅದರ ಮೇಲೆ ಮನೆಯಲ್ಲಿದ್ದ ಪ್ಯಾರಸಿಟಮಾಲ್ 650 ನುಂಗಿದರೆ ಲೆಕ್ಕ ತಪ್ಪುತ್ತದೆ. ಬಿ.ಪಿ. ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ಇರುವ ಹಿರಿಯರಿಗೆ ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಡೆಂಗಿಯ ದಿನಗಳಲ್ಲಿ, ಬೇಸಿಗೆಯ ಮಂಗನ ಕಾಯಿಲೆಯ ಹೊತ್ತಿನಲ್ಲಿ ಜ್ವರವೂ ಇದ್ದರೆ ಇವು ಬೇಡವೇ ಬೇಡ, ರಕ್ತಸ್ರಾವಕ್ಕೆ ದಾರಿ. ಬರೀ ಪ್ಯಾರಸಿಟಮಾಲ್ ಸಾಕೇ ಎಂದು ವೈದ್ಯರನ್ನು ಫೋನಿನಲ್ಲಿ ಕೇಳಿಕೊಂಡೇ ನಾನು ಕೊಡುವುದು. ಹೊಟ್ಟೆ ಉರಿಯ ಪ್ಯಾಂಟೊಪ್ರಜೋಲ್ 40 ತಿಂಡಿಗೆ ಅರ್ಧ ಗಂಟೆ ಮೊದಲು. ನೋವಿನ ಮಾತ್ರೆ ನಿಂತಾಗ ಅದನ್ನೂ ನಿಲ್ಲಿಸಬಹುದೇ ಎಂದು ಕೇಳಿಕೊಳ್ಳಿ. ಊತ ಇಳಿಸಲೆಂದು ಬರೆಯುವ ಸೆರಾಶಿಯೋಪೆಪ್ಟಿಡೇಸ್‌ಗೆ ಗಟ್ಟಿ ಆಧಾರವಿಲ್ಲ. ಊತ ಇಳಿಸುವುದು ಕಾಲನ್ನು ಎತ್ತರಿಸಿಡುವುದೇ: ಮಲಗಿ, ಹಿಮ್ಮಡಿಯ ಕೆಳಗೆ ಎರಡು ದಿಂಬು, ಕಾಲು ಎದೆಗಿಂತ ಮೇಲೆ. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲಿಟ್ಟರೆ ಸಾಲದು.

ಮುಲಾಮಿನಲ್ಲಿ ಮ್ಯುಪಿರೋಸಿನ್ 2% ಮೇಲ್ಮೈಯ ಕೀವುಗಜ್ಜಿಗೆ ಚೆನ್ನ. ಹಕ್ಕಳೆಯನ್ನು ಬೆಚ್ಚನೆಯ ನೀರಲ್ಲಿ ನೆನೆಸಿ ತೆಗೆದು ತೆಳ್ಳಗೆ ಹಚ್ಚಬೇಕು, ಹತ್ತು ದಿನ ಮೀರಬಾರದು. ಆಳದ ಬಾವಿಗೆ ಅದು ಇಳಿಯುವುದಿಲ್ಲ. ಕೀವು ಕಟ್ಟಿದ ಕುರುವಿಗಂತೂ ಮಾತ್ರೆಯೂ ಸರಿಯಾಗಿ ತಲುಪುವುದಿಲ್ಲ, ಕೊಯ್ದು ಕೀವು ತೆಗೆಯುವುದೇ ಮುಖ್ಯ ಚಿಕಿತ್ಸೆ. ನನಗೆ ನಿಜಕ್ಕೂ ಸಂಕಟವಾಗುವುದು ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರದ ಔಷಧಿ ಹೀಗೆ ‘ಮೂರೂ ಸೇರಿದ’ ಕ್ರೀಮುಗಳನ್ನು ಕಂಡಾಗ. ಸ್ಟೀರಾಯ್ಡ್ ಎರಡೇ ದಿನದಲ್ಲಿ ಕೆಂಪು, ತುರಿಕೆ ಅಡಗಿಸುತ್ತದೆ, ವಾಸಿಯಾಯಿತು ಎನಿಸುತ್ತದೆ. ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ.

ಔಷಧಿ ಹಿಡಿಯುತ್ತಿದೆಯೇ ಎಂದು ನೋವಿನಿಂದ ಅಳೆಯಬೇಡಿ, ಅಂಚಿನಿಂದ ಅಳೆಯಿರಿ. ಮೊದಲ ಮಾತ್ರೆ ನುಂಗುವ ದಿನ ಬಾವಿನ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದಿಡಿ. ನಮ್ಮ ಮೈಬಣ್ಣಕ್ಕೆ ಕೆಂಪು ಸ್ಪಷ್ಟ ಕಾಣದಿದ್ದರೆ ಕೈಯ ಹಿಂಬದಿ ಇಟ್ಟು ಬಿಸಿ ಎಲ್ಲಿಗೆ ಮುಗಿಯುತ್ತದೆ, ಬಿಗಿದು ಹೊಳೆಯುವ ಚರ್ಮ ಎಲ್ಲಿಗೆ ನಿಲ್ಲುತ್ತದೆ ನೋಡಿ. ಮೊದಲ ದಿನ ಸ್ವಲ್ಪ ಗೆರೆ ದಾಟಬಹುದು. ನಲವತ್ತೆಂಟು ಗಂಟೆಯಾದರೂ ಹಿಂದೆ ಸರಿಯದಿದ್ದರೆ, ಜ್ವರ ನಿಲ್ಲದಿದ್ದರೆ ಮತ್ತೆ ವೈದ್ಯರ ಹತ್ತಿರ. ಸಕ್ಕರೆ ಕಾಯಿಲೆಯವರು ಅಷ್ಟೂ ಕಾಯಬಾರದು. ಕಾಣುವುದಕ್ಕಿಂತ ನೋವು ವಿಪರೀತವಾಗಿದ್ದರೆ, ಚರ್ಮ ನೀಲಿ-ಕಪ್ಪಾಗಿ ಗುಳ್ಳೆ ಎದ್ದರೆ, ಒತ್ತಿದಾಗ ಒಳಗೆ ಚುರುಚುರು ಎಂದರೆ, ಮಾತು ತೊದಲಿದರೆ ಅದು ಮಾತ್ರೆಯ ಕಾಲ ಮುಗಿದಂತೆ. 108ಕ್ಕೆ ಕರೆ ಮಾಡಿ ಶಿವಮೊಗ್ಗದ ಮೆಗ್ಗಾನ್‌ನಂಥ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಹೊರಡಬೇಕು. ಮಾತ್ರೆ ನುಂಗಿದ ಮೇಲೆ ಮೈಯೆಲ್ಲ ದದ್ದು, ತುಟಿ ಊತ, ಉಸಿರುಕಟ್ಟು ಬಂದರೂ ಅಷ್ಟೇ ಅವಸರ.

ಸಾಮಾನ್ಯ ಬಾವಿಗೆ ಐದರಿಂದ ಏಳು ದಿನದ ಕೋರ್ಸ್ ಸಾಕಾಗುತ್ತದೆ. ಮುಗಿದ ಮೇಲೂ ಚರ್ಮ ಸುಲಿಯುವುದು, ಮಂದ ಕಂದು ಬಣ್ಣ ಕೆಲವು ವಾರ ಉಳಿಯುತ್ತದೆ. ಬಿಸಿ, ನೋವು ಇಲ್ಲದಿದ್ದರೆ ಅದಕ್ಕಾಗಿ ಇನ್ನೊಂದು ಪಟ್ಟಿ ಕೊಳ್ಳಬೇಡಿ. ಅದರ ಬದಲು ಕಾಲ್ಬೆರಳ ಸಂದಿ ಬಿಡಿಸಿ ನೋಡಿ. ಬಿಳಿಚಿ ನೆನೆದು ಒಡೆದ ಕೆಸರುಹುಣ್ಣು ಅಲ್ಲಿದ್ದರೆ ರೋಗಾಣು ಒಳಗೆ ಹೋದದ್ದು ಬಹುಶಃ ಆ ಬಿರುಕಿನಿಂದಲೇ. ಶಿಲೀಂಧ್ರ ಕೊಲ್ಲುವ ಕ್ಲೋಟ್ರಿಮಜೋಲ್ 1% ಕ್ರೀಮನ್ನು ಒಣ ಸಂದಿಗೆ ದಿನಕ್ಕೆರಡು ಸಲ, ತುರಿಕೆ ನಿಂತ ಮೇಲೂ ಬಿಡದೆ, ನಾಲ್ಕು ವಾರ ಹಚ್ಚಬೇಕು. ಗಂಬೂಟನ್ನು ಪ್ರತಿ ರಾತ್ರಿ ಒಲೆಯ ಹತ್ತಿರ ಬೋರಲು ಹಾಕಿ ಒಣಗಿಸಿ, ಬೆಳಿಗ್ಗೆ ಒಣಗಿದ ಸಾಕ್ಸ್ ಹಾಕಿಕೊಂಡೇ ಗದ್ದೆಗೆ ಇಳಿಯಿರಿ.