ದಾವಣಗೆರೆ ಬಿಸಿಲಲ್ಲಿ ಬಿಯರ್ಡೆಡ್ ಡ್ರ್ಯಾಗನ್: ಲೈಟು, ಕಾವು ಹೊಂದಿಸುವುದು ಹೇಗೆ?

"ಏಪ್ರಿಲ್‌ನಲ್ಲಿ ಊರೇ ಕಾದ ಹೆಂಚಾಗಿರುತ್ತೆ, ಇದಕ್ಕೆ ಮತ್ತೆ ಬಲ್ಬ್ ಬೇರೆ ಯಾಕ್ರೀ?" ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಜಾತಿಯ ಪ್ರಾಣಿ ಸಾಕಿದವರ ಮನೆಗೆ ಬಂದವರು ಕೇಳುವ ಮೊದಲ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪೇನಿಲ್ಲ. ಈ ಪ್ರಾಣಿ ಸಾಕುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರದ್ದು. ಅಲ್ಲಿ ಮನೆಯೊಳಗೆ 20 ಡಿಗ್ರಿ ಇದ್ದರೆ ಅದೇ ಬೆಚ್ಚಗೆ. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ ಒಳಗೇ 34–35 ಆಗುತ್ತದೆ. ಅವರ ವ್ಯಾಟ್ ಲೆಕ್ಕವನ್ನು ಹಾಗೇ ಇಲ್ಲಿ ಹಾಕಿದರೆ ಪ್ರಾಣಿ ಬೆಂದೇ ಹೋಗುತ್ತದೆ. ಹಾಗಂತ ಲೈಟೇ ಬೇಡ ಅಂದರೆ ಅದರ ಮೂಳೆ ಮೆತ್ತಗಾಗುತ್ತದೆ.

ಇದು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನ ಪ್ರಾಣಿ. ನಮ್ಮ ಓತಿಕ್ಯಾತದ ಕುಟುಂಬಕ್ಕೇ ಸೇರಿದ್ದು. ಚಿತ್ರದುರ್ಗದ ಕೋಟೆ ಹತ್ತುವಾಗ ಬಂಡೆ ಮೇಲೆ ತಲೆ ಎತ್ತಿ ಕೂತ ಓತಿಕ್ಯಾತವನ್ನು ನೋಡಿರುತ್ತೀರಿ, ಅಲ್ವಾ? ಬೆಳಿಗ್ಗೆ ಬಂಡೆ ಮೇಲೆ, ಬಿಸಿಲು ಜೋರಾದರೆ ಬಂಡೆ ಸಂದಿಯಲ್ಲಿ. ಜಾಗ ಬದಲಿಸುತ್ತಲೇ ಅದು ಮೈಕಾವು ಹೊಂದಿಸಿಕೊಳ್ಳುತ್ತದೆ. ಗೂಡಿನಲ್ಲೂ ಅದೇ ಬೇಕು: ಒಂದು ಬಿಸಿ ಕಲ್ಲು, ಒಂದು ತಂಪು ಮೂಲೆ, ತಲೆ ಮೇಲೆ ಬಿಸಿಲಿನಂಥ ಬೆಳಕು. ಕಲ್ಲು ಕಾಯಿಸುವ ಬಲ್ಬ್ ಬೇರೆ, ಬಿಸಿಲಿನ ಕೆಲಸ ಮಾಡುವ ಟ್ಯೂಬ್ ಬೇರೆ. ಎರಡೂ ಬೇಕು.

1. ಗೂಡು ಮತ್ತು ಕಲ್ಲು

ದೊಡ್ಡ ಪ್ರಾಣಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗೂಡು ಬೇಕು. ಬಡಗಿಯ ಹತ್ತಿರ ಪ್ಲೈವುಡ್‌ನಲ್ಲಿ ಮಾಡಿಸಿ, ಮುಂದೆ ಸರಿಸುವ ಗಾಜು ಹಾಕಿಸಿ. ಎರಡೂ ಬದಿಗೆ ಜಾಲರಿ ಕಿಂಡಿ ಇರಲಿ. ಮೀನಿನ ಅಕ್ವೇರಿಯಂ ಚಿಕ್ಕದು, ಗಾಳಿಯೂ ಆಡುವುದಿಲ್ಲ. ಅದರಲ್ಲಿ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಮಾಡುವುದು ಕಷ್ಟ.

ಒಂದು ತುದಿಗೆ ಎರಡು ಇಟ್ಟಿಗೆ ಇಟ್ಟು, ಮೇಲೆ ಒಂದಡಿಯ ಕಡಪ ಕಲ್ಲಿನ ತುಂಡು ಕೂರಿಸಿ. ಅಲುಗಾಡಬಾರದು. ಕಲ್ಲಿನ ಅಂಗಡಿಯಲ್ಲಿ ಒಡೆದ ಚೂರು ಸುಮ್ನೆ ಬಿದ್ದಿರುತ್ತವೆ, ಚೂಪಾದ ಅಂಚು ಉಜ್ಜಿಸಿಕೊಂಡು ತನ್ನಿ. ಕಪ್ಪು ಕಲ್ಲು ಬೇಗ ಕಾಯುತ್ತದೆ, ನಿಧಾನ ಆರುತ್ತದೆ. ಕರೆಂಟಿನಿಂದ ಒಳಗೇ ಬಿಸಿಯಾಗುವ "ಹೀಟ್ ರಾಕ್" ಮಾತ್ರ ಬೇಡವೇ ಬೇಡ. ಈ ಪ್ರಾಣಿಗೆ ಕಾವು ಮೇಲಿಂದ ಬಂದು ರೂಢಿ. ಹೊಟ್ಟೆ ಸುಡುತ್ತಿದ್ದರೂ ಎದ್ದು ಹೋಗದೆ ಕೂತು ಗಾಯ ಮಾಡಿಕೊಳ್ಳುವುದುಂಟು.

2. ಕಾವಿನ ಬಲ್ಬ್

ಕಲ್ಲಿನ ನೇರ ಮೇಲೆ ಹ್ಯಾಲೊಜೆನ್ ಬಲ್ಬ್ ಹಾಕಿ. ಹಳೇ ಕಾಲದ ಗುಂಡು ಬಲ್ಬ್ ಸಿಕ್ಕರೆ ಅದೂ ಆಗುತ್ತದೆ. ಎಲ್‌ಇಡಿ ಆಗುವುದಿಲ್ಲ, ಅದರಲ್ಲಿ ಬೆಳಕಿದೆ, ಕಾವಿಲ್ಲ. ಚಳಿ ದೇಶದಲ್ಲಿ 100, 150 ವ್ಯಾಟ್ ಹಾಕುವ ಕಡೆ ನಮಗೆ 50–75 ಸಾಕಾಗಬಹುದು. 60ರಿಂದ ಶುರು ಮಾಡಿ.

ಹೋಲ್ಡರ್ ಪಿಂಗಾಣಿಯದ್ದೇ ಇರಲಿ, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಇಂಥ ಬಲ್ಬ್‌ಗಳು ಹೆಚ್ಚಾಗಿ ತಿರುಗಿಸಿ ಹಾಕುವ ಥರದವು. ನಮ್ಮ ಮನೆಗಳ ಪಿನ್ ಹೋಲ್ಡರ್‌ಗೆ ಕೂರುವುದಿಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಿ. ಬಲ್ಬಿನ ಸುತ್ತ ತಂತಿ ಬುಟ್ಟಿ ಹಾಕಿ, ಇಲ್ಲದಿದ್ದರೆ ಪ್ರಾಣಿ ಹಾರಿ ಬಲ್ಬನ್ನೇ ತಬ್ಬಿಕೊಳ್ಳುತ್ತದೆ. ಜೊತೆಗೊಂದು ಡಿಮ್ಮರ್ (ಬಲ್ಬಿನ ಕಾವು ಏರಿಳಿಸುವ ಗುಂಡಿ) ಹಾಕಿಸಿ. ನಮ್ಮ ಹವೆಗೆ ಇದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ: ಡಿಸೆಂಬರ್‌ನಲ್ಲಿ ಪೂರ್ತಿ, ಮಾರ್ಚ್‌ನಲ್ಲಿ ಅರ್ಧ.

ಈಗ ಅಳತೆ. ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ ಇರಬೇಕು. ತಂಪು ತುದಿಯ ಗಾಳಿ 25ರಿಂದ 29. ಕಲ್ಲಿಗೆ ಗನ್ ಥರ್ಮಾಮೀಟರ್ ಹಿಡಿಯಿರಿ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದಲ್ಲ, ಅದು ಜ್ವರ ನೋಡಲು ಮಾಡಿದ್ದು. ಕಾರ್ಖಾನೆ, ಗ್ಯಾರೇಜ್‌ಗಳಲ್ಲಿ ಬಳಸುವಂಥದ್ದು ಬೇಕು. ತಂಪು ತುದಿಗೆ ವೈರಿರುವ ಡಿಜಿಟಲ್ ಥರ್ಮಾಮೀಟರ್ ಸಾಕು. ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿಯನ್ನು ನಂಬಬೇಡಿ. ಪ್ರಾಣಿ ತರುವ ಮೊದಲೇ ಎರಡು ಮೂರು ದಿನ ಖಾಲಿ ಗೂಡು ಉರಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆದಿಟ್ಟುಕೊಳ್ಳಿ. ಕಲ್ಲು ಜಾಸ್ತಿ ಕಾದರೆ ಒಂದು ಇಟ್ಟಿಗೆ ತೆಗೆಯಿರಿ ಇಲ್ಲವೇ ಡಿಮ್ಮರ್ ಇಳಿಸಿ.

3. ಯುವಿಬಿ ಟ್ಯೂಬ್

ಜನ ಹಣ ಉಳಿಸಲು ಹೋಗಿ ಎಡವುವುದು ಇಲ್ಲೇ. ಬಿಸಿಲಿನ ಯುವಿಬಿ ಕಿರಣ ಚರ್ಮಕ್ಕೆ ಬಿದ್ದರೆ ಮೈಯಲ್ಲಿ ವಿಟಮಿನ್ ಡಿ3 ಆಗುತ್ತದೆ. ಡಿ3 ಇದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಇಲ್ಲದಿದ್ದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ನಡುಗುತ್ತವೆ, ಬೆನ್ನು ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದ ಮೂಳೆ ಮತ್ತೆ ನೆಟ್ಟಗಾಗುವುದು ಕಷ್ಟ.

"ಕಿಟಕಿ ಪಕ್ಕ ಇಡ್ತೀವಿ, ಬಿಸಿಲು ಬೀಳುತ್ತೆ" ಅನ್ನುತ್ತಾರೆ. ಗಾಜು ಯುವಿಬಿಯನ್ನು ತಡೆಯುತ್ತದೆ, ಕಾವನ್ನು ಮಾತ್ರ ಒಳಗೆ ಬಿಡುತ್ತದೆ. ಗಾಜಿನ ಪೆಟ್ಟಿಗೆ ಬಿಸಿಲಲ್ಲಿದ್ದರೆ ಸ್ವಲ್ಪ ಹೊತ್ತಲ್ಲೇ ಪ್ರಾಣಿ ಸಾಯಬಹುದು.

ಬೇಕಾದದ್ದು ಟಿ5 ಹೈ ಔಟ್‌ಪುಟ್ ಟ್ಯೂಬ್ (ತೆಳ್ಳಗಿನ, ಜೋರು ಕಿರಣದ ಟ್ಯೂಬ್), ಯುವಿಬಿ 10 ಅಥವಾ 12 ಪರ್ಸೆಂಟ್‌ನದು. 4 ಅಡಿ ಗೂಡಿಗೆ 34 ಇಂಚಿನ 39 ವ್ಯಾಟ್ ಟ್ಯೂಬ್ ಹೊಂದುತ್ತದೆ. ಬಿಸಿ ತುದಿಯಿಂದ ಶುರುವಾಗುವಂತೆ ಹಾಕಿ, ತಂಪು ತುದಿ ಸ್ವಲ್ಪ ನೆರಳಾಗಿರಲಿ. ನಡುವೆ ಜಾಲರಿ ಇಲ್ಲದಿದ್ದರೆ ಪ್ರಾಣಿಯ ಬೆನ್ನಿಗೂ ಟ್ಯೂಬಿಗೂ 15ರಿಂದ 18 ಇಂಚು ದೂರ ಇರಲಿ. ಜಾಲರಿ ಮೂರನೇ ಒಂದು ಭಾಗದಷ್ಟು ಕಿರಣ ತಿಂದುಹಾಕುತ್ತದೆ, ಅದಿದ್ದರೆ ಒಂದಡಿಗೆ ತನ್ನಿ. ಡಬ್ಬಿ ಮೇಲೆ ಕಂಪನಿ ದೂರ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಬೆಳಕು ಮೇಲಿಂದಲೇ ಬರಬೇಕು. ಪಕ್ಕದಿಂದ ಬಂದರೆ ಕಣ್ಣಿಗೆ ಹೊಡೆಯುತ್ತದೆ. ಟ್ಯೂಬನ್ನು ಡಿಮ್ಮರ್‌ಗೆ ಸೇರಿಸಬೇಡಿ.

ಸ್ವೀಟ್ ಅಂಗಡಿಯಲ್ಲಿ ನೊಣ ಹೊಡೆಯುವ ನೀಲಿ ಟ್ಯೂಬ್ ಇದಲ್ಲ, ಅದು ಯುವಿಎ. ನೀರಿನ ಫಿಲ್ಟರ್‌ನೊಳಗಿನ ಯುವಿ ದೀಪ ಯುವಿಸಿ, ಅದು ಪ್ರಾಣಿಯ ಕಣ್ಣನ್ನೂ ನಿಮ್ಮ ಕಣ್ಣನ್ನೂ ಸುಡುತ್ತದೆ. "ಯುವಿ" ಅಂತ ಬರೆದದ್ದೆಲ್ಲ ಒಂದೇ ಅಲ್ಲ. ಅಗ್ಗದ ಸುರುಳಿ ಬಲ್ಬ್‌ಗಳ ಕಿರಣ ಒಂದು ಸಣ್ಣ ಜಾಗಕ್ಕೆ ಮಾತ್ರ ಬೀಳುತ್ತದೆ, ಅವೂ ಬೇಡ. ಟಿ5 ಟ್ಯೂಬ್‌ನ ಬೆಳಕು ಚೆನ್ನಾಗಿ ಕಂಡರೂ ಯುವಿಬಿ ಇಳಿಯುತ್ತಾ ಹೋಗಿರುತ್ತದೆ. ಹಾಕಿದ ತಾರೀಕನ್ನು ಟ್ಯೂಬಿನ ತುದಿಯಲ್ಲೇ ಮಾರ್ಕರ್‌ನಲ್ಲಿ ಬರೆದು, ವರ್ಷಕ್ಕೊಮ್ಮೆ ಬದಲಿಸಿ.

ನಿಜವಾದ ಬಿಸಿಲು ಟ್ಯೂಬಿಗಿಂತ ಒಳ್ಳೆಯದು, ಅನುಮಾನ ಬೇಡ. ತಂತಿ ಜಾಲರಿ ಪೆಟ್ಟಿಗೆಯಲ್ಲಿಟ್ಟು, ಅರ್ಧಕ್ಕೆ ನೆರಳು ಮಾಡಿ, ಬೆಳಿಗ್ಗೆ ಒಂಬತ್ತರ ಒಳಗೆ ಇಪ್ಪತ್ತು ನಿಮಿಷ ತಾರಸಿಗೆ ಒಯ್ಯಿರಿ. ಕಾಗೆ, ಹದ್ದು, ಬೆಕ್ಕು ಇರುತ್ತವೆ, ಅಲ್ಲಿಂದ ಕದಲಬೇಡಿ.

4. ಸಮಯ

ಎರಡೂ ಲೈಟು ಟೈಮರ್ ಮೇಲೆ ಇರಲಿ. ಬೇಸಿಗೆಯಲ್ಲಿ 13 ಗಂಟೆ, ಚಳಿಗಾಲದಲ್ಲಿ 11. ರಾತ್ರಿ ಪೂರ್ತಿ ಕತ್ತಲು. "ನೈಟ್ ಬಲ್ಬ್" ಅಂತ ಮಾರುವ ಕೆಂಪು, ನೀಲಿ ದೀಪ ಅದಕ್ಕೂ ಕಾಣುತ್ತದೆ, ನಿದ್ದೆ ಕೆಡುತ್ತದೆ. ಹುಳ, ಸೊಪ್ಪು ಅರಗಲು ಕಾವು ಬೇಕು. ಆದ್ದರಿಂದ ಕೊನೆಯ ಊಟ ಲೈಟ್ ಆರುವ ಎರಡು ಗಂಟೆ ಮೊದಲೇ ಮುಗಿಯಲಿ.

60 ವ್ಯಾಟ್ ಬಲ್ಬ್, 39 ವ್ಯಾಟ್ ಟ್ಯೂಬ್, ದಿನಕ್ಕೆ 12 ಗಂಟೆ ಅಂದರೆ ತಿಂಗಳಿಗೆ ಸುಮಾರು 36 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವವರು ಮನೆಯವರಿಗೆ ಮೊದಲೇ ಹೇಳಿಬಿಡಿ!

5. ನಮ್ಮ ಬೇಸಿಗೆ, ನಮ್ಮ ಚಳಿ

ಮಾರ್ಚ್‌ನಿಂದ ಮೇವರೆಗೆ ನೋಡಬೇಕಾದ್ದು ಬಿಸಿ ತುದಿಯನ್ನಲ್ಲ, ತಂಪು ತುದಿಯನ್ನು. ಅದು 32 ದಾಟಿದರೆ ಕಾವಿನ ಬಲ್ಬ್ ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ ಉರಿಯಲಿ, ಆಮೇಲೆ ಆರಿಸಿ. ಟ್ಯೂಬ್ ಎಂದಿನಂತೆ ಇರಲಿ. ಶೀಟಿನ ಮನೆ, ಮೇಲ್ಮಹಡಿ ಕೋಣೆ ಬೇಡ, ಕೆಳಗಿನ ನಡುಮನೆ ಒಳ್ಳೆಯದು. ನೀರಿನ ಬಾಟಲಿ ಫ್ರೀಜ್ ಮಾಡಿ ಬಟ್ಟೆ ಸುತ್ತಿ ತಂಪು ತುದಿಯ ಹೊರಗೋಡೆಗೆ ಒರಗಿಸಿಡಬಹುದು.

ಕಲ್ಲಿನ ಮೇಲೆ ಬಾಯಿ ತೆರೆದು ಕೂತರೆ ಗಾಬರಿ ಬೇಡ, ಜಾಸ್ತಿಯಾದ ಕಾವನ್ನು ಹಾಗೆ ಬಿಡುತ್ತದೆ. ತಂಪು ತುದಿಗೆ ಹೋಗಿಯೂ ಬಾಯಿ ತೆರೆದೇ ಇದ್ದರೆ ಗೂಡೇ ಜಾಸ್ತಿ ಕಾದಿದೆ ಅಂತ ಅರ್ಥ. ತಕ್ಷಣ ಬಲ್ಬ್ ಆರಿಸಿ. ದಿನವಿಡೀ ಮೈ ಕಪ್ಪಗೆ ಮಾಡಿಕೊಂಡು ಕಲ್ಲಿಗೇ ಅಂಟಿಕೊಂಡಿದ್ದರೆ ಕಾವು ಸಾಲುತ್ತಿಲ್ಲ.

ರಾತ್ರಿ 18 ಡಿಗ್ರಿವರೆಗೆ ಇಳಿದರೂ ಇದಕ್ಕೆ ತೊಂದರೆಯಿಲ್ಲ. ದಾವಣಗೆರೆಯ ಮನೆಗಳಲ್ಲಿ ರಾತ್ರಿ ಹೀಟರ್ ಬೇಕಾಗುವುದು ಅಪರೂಪ. ಚಿತ್ರದುರ್ಗದ ಗಾಳಿಗೆ ತೆರೆದ ಮನೆಯಾಗಿದ್ದು, ಡಿಸೆಂಬರ್, ಜನವರಿಯಲ್ಲಿ ಅದಕ್ಕಿಂತ ಕೆಳಗಿಳಿದರೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಹಾಕಿ. ಥರ್ಮೋಸ್ಟಾಟ್ (ಕಾವು ಮಿತಿ ಮುಟ್ಟಿದರೆ ತಾನೇ ಆರಿಸುವ ಸ್ವಿಚ್) ಇಲ್ಲದೆ ಮಾತ್ರ ಹಾಕಬೇಡಿ.

ಕರೆಂಟ್ ಹೋದರೆ ಒಂದೆರಡು ಗಂಟೆಗೆ ಏನೂ ಆಗುವುದಿಲ್ಲ, ಕಡಪ ಕಲ್ಲು ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಆಗ ಊಟ ಮಾತ್ರ ಕೊಡಬೇಡಿ. ಇಡೀ ದಿನ ಇಲ್ಲವೆಂದರೆ ಬಲ್ಬನ್ನು ಇನ್ವರ್ಟರ್‌ಗೆ ಹಾಕಿ, ಟ್ಯೂಬ್ ಒಂದು ದಿನ ಇಲ್ಲದಿದ್ದರೂ ನಡೆಯುತ್ತದೆ.

ತರುವ ಮೊದಲು ಇನ್ನೆರಡು ಕೆಲಸವಿದೆ. ಮಾರುವವರಿಂದ ಬಿಲ್ ಪಡೆಯಿರಿ, ಈ ಪ್ರಾಣಿಗೆ ಯಾವ ಕಾಗದ ಬೇಕೆಂದು ಅರಣ್ಯ ಇಲಾಖೆಯಲ್ಲಿ ಕೇಳಿ. ಹೊಲದ ಉಡ ಹಿಡಿದು ಸಾಕುವ ಯೋಚನೆ ಬಂದರೆ ಬಿಟ್ಟುಬಿಡಿ, ಅದು ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲ್‌ನಲ್ಲಿದೆ. ಹಾಗೆಯೇ ಹಲ್ಲಿ, ಹಾವು ನೋಡಿ ಅಭ್ಯಾಸವಿರುವ ಪಶುವೈದ್ಯರು ಎಲ್ಲ ಕಡೆ ಸಿಗುವುದಿಲ್ಲ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ಯಾರು ನೋಡುತ್ತಾರೆಂದು ಮೊದಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.